ಲ್ಯಾಂಬೆತ್‌ನಿಂದ ಲೀತ್‌ವರೆಗೆ: ಬ್ರೆಕ್ಸಿಟ್ ಮತದಾನದ ಮರುತಿಂಗಳು

ಶನಿವಾರ, ಸ್ಟ್ರೆಟಮ್

ನಾನು ಲಂಡನ್‌ನಲ್ಲಿ ಇಳಿದದ್ದು 2016ರ ಜುಲೈ 16ರಂದು. ಜೂನ್ 23ರಂದು ಬ್ರಿಟನ್ನಿನ ಜನ ಯುರೋಪಿಯನ್ ಒಕ್ಕೂಟದಲ್ಲಿ ಇರಬೇಕೋ, ಬಿಡಬೇಕೋ ಅಂತ ವೋಟು ಹಾಕಿದ್ದರು. ಬಿಡೋಣ (ಲೀವ್) ಅಂದವರು ಶೇ 51.9, ಇರೋಣ (ರಿಮೇನ್) ಅಂದವರು ಶೇ 48.1. ಮರುದಿನ ಬೆಳಿಗ್ಗೆಯೇ ಪ್ರಧಾನಿ ಡೇವಿಡ್ ಕ್ಯಾಮರೂನ್ ಅಧಿಕಾರ ಬಿಡುವುದಾಗಿ ಹೇಳಿದ್ದರು. ನಾನು ಹೋಗುವ ಹೊತ್ತಿಗೆ ತೆರೇಸಾ ಮೇ ಆ ಕುರ್ಚಿಗೆ ಬಂದು ಮೂರೇ ದಿನ ಆಗಿತ್ತು. ಮತದಾನಕ್ಕೆ ಮುಂಚೆ 100 ರೂಪಾಯಿಯ ಹತ್ತಿರ ಇದ್ದ ಪೌಂಡು 90ರ ಆಸುಪಾಸಿಗೆ ಇಳಿದಿತ್ತು. ಹಣ ಬದಲಾಯಿಸುವಾಗ ನನಗೆ ಲಾಭವೇ ಆಯಿತು. ಆದರೆ ಊರಿಗೆ ಹಣ ಕಳಿಸುವ ಅಕ್ಕನಿಗೆ ಅಷ್ಟೇ ನಷ್ಟ.

ವಿಮಾನ ನಿಲ್ದಾಣದಿಂದ ಮನೆಗೆ ಬರುವಾಗ ಅಕ್ಕ ಮೊದಲು ಹೇಳಿದ್ದೇ ಇದು: "ಮನೇಲಿ ವೋಟಿನ ವಿಷಯ ಎತ್ತಬೇಡ ಕಣೇ. ಅಪ್ಪ ಮಗಳು ಮಾತು ಬಿಟ್ಟಿದ್ದಾರೆ."

ಅಕ್ಕ ರಿಮೇನ್‌ಗೆ ಹಾಕಿದ್ದಳು. ಭಾವ ಲೀವ್‌ಗೆ ಹಾಕಿದ್ದರು. ಮಗಳಿಗೆ 17 ವರ್ಷ, ವೋಟಿಲ್ಲ. ಅಕ್ಕನ ಮನೆಯಿದ್ದ ಸ್ಟ್ರೆಟಮ್ ಇರುವುದು ಲಂಡನ್ನಿನ ಲ್ಯಾಂಬೆತ್ ಎಂಬ ಆಡಳಿತ ಪ್ರದೇಶದಲ್ಲಿ. ಇಡೀ ಗ್ರೇಟ್ ಬ್ರಿಟನ್ನಿನಲ್ಲಿ ರಿಮೇನ್‌ಗೆ ಅತಿ ಹೆಚ್ಚು ಪಾಲು ಮತ ಬಿದ್ದದ್ದು ಇಲ್ಲೇ, ಶೇ 78.6. ಆ ಬೀದಿಯಲ್ಲಿ ಭಾವನಂಥವರು ಎಷ್ಟು ಜನ ಇದ್ದಾರೋ ಗೊತ್ತಾಗುವಂತಿರಲಿಲ್ಲ, ಯಾಕೆಂದರೆ ಯಾರೂ ಬಾಯಿಬಿಡುತ್ತಿರಲಿಲ್ಲ. ಭಾವ ಆಫೀಸಿನಲ್ಲಿ ಯಾರಿಗೂ ಹೇಳಿರಲಿಲ್ಲ. ಊಟದ ಹೊತ್ತಿನಲ್ಲಿ ಜೊತೆಯವರು "ಲೀವ್‌ಗೆ ಹಾಕಿದವರೆಲ್ಲ ದಡ್ಡರು" ಅನ್ನುವಾಗ ಅವರು ಸುಮ್ಮನೆ ತಟ್ಟೆ ನೋಡುತ್ತಾ ಕೂರುತ್ತಿದ್ದರಂತೆ.

ಭಾನುವಾರ, ಅದೇ ಮನೆ

ಟೂಟಿಂಗ್ ಪಕ್ಕದಲ್ಲೇ. ಅಲ್ಲಿ ಕರಿಬೇವು, ನುಗ್ಗೆಕಾಯಿ, ಹುಣಸೆಹಣ್ಣು ಎಲ್ಲ ಸಿಗುತ್ತದೆ. ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ ತಂದೆವು. ಲಂಡನ್ ಬಸ್ಸಿನಲ್ಲಿ ನಗದು ತಗೊಳ್ಳುವುದಿಲ್ಲ, ಕಾರ್ಡು ಇಟ್ಟುಕೊಂಡೇ ಹತ್ತಬೇಕು. ಮಧ್ಯಾಹ್ನಕ್ಕೆ ಬಿಸಿಬೇಳೆಬಾತ್. ಊಟಕ್ಕೆ ಇನ್ನಿಬ್ಬರು ಬಂದಿದ್ದರು. ಒಬ್ಬ ಹುಬ್ಬಳ್ಳಿಯ ಹುಡುಗ, ಕಂಪನಿ ವೀಸಾದ ಮೇಲೆ ಬಂದು ಎಂಟು ತಿಂಗಳಾಗಿತ್ತು. ಇನ್ನೊಬ್ಬರು ಪಕ್ಕದ ಮನೆಯ ಇಟಲಿಯ ಹೆಂಗಸು. ಆ ಬೀದಿಗೆ ಬಂದು ಹದಿನಾಲ್ಕು ವರ್ಷ, ಇಬ್ಬರು ಮಕ್ಕಳು ಹುಟ್ಟಿದ್ದೂ ಇಲ್ಲೇ.

ವಿಷಯ ಎತ್ತಬೇಡ ಅಂದಿದ್ದ ಅಕ್ಕನ ಮಾತು ಸಾರು ಬಡಿಸುವವರೆಗೂ ಉಳಿಯಲಿಲ್ಲ. ಹುಬ್ಬಳ್ಳಿ ಹುಡುಗ ತಾನೂ ವೋಟು ಹಾಕಿದೆ ಅಂದ. ನನಗೆ ಆಶ್ಚರ್ಯವಾಯಿತು. ಭಾರತದ ಪಾಸ್‌ಪೋರ್ಟ್ ಹಿಡಿದು ಎಂಟು ತಿಂಗಳ ಹಿಂದೆ ಬಂದವನಿಗೆ ವೋಟು ಹೇಗೆ? ಕಾಮನ್‌ವೆಲ್ತ್ ದೇಶಗಳ ಪ್ರಜೆಗಳು ಬ್ರಿಟನ್ನಿನಲ್ಲಿ ಕಾನೂನು ಪ್ರಕಾರ ವಾಸವಿದ್ದರೆ ಪಾರ್ಲಿಮೆಂಟ್ ಚುನಾವಣೆಗೆ ವೋಟು ಹಾಕಬಹುದು. ಈ ಮತದಾನಕ್ಕೂ ಅದೇ ಪಟ್ಟಿ. ಇಟಲಿ, ಪೋಲೆಂಡ್, ಫ್ರಾನ್ಸಿನವರಿಗೆ ಆ ಹಕ್ಕಿರಲಿಲ್ಲ. ಇಟಲಿಯ ಆ ಹೆಂಗಸು ಇಲ್ಲೇ ಉಳಿಯಬಹುದೋ ಇಲ್ಲವೋ ಎಂಬುದು ಆ ಮತದಾನದ ಮೇಲೆ ನಿಂತಿತ್ತು. ಅದರ ಬಗ್ಗೆ ಹುಡುಗನಿಗೆ ವೋಟಿತ್ತು, ಅವರಿಗೆ ಇರಲಿಲ್ಲ. ಅವನು ರಿಮೇನ್‌ಗೇ ಹಾಕಿದ್ದ. ಆದರೂ ಅದನ್ನು ಹೇಳುವಾಗ ಅವರ ಮುಖ ನೋಡಲು ಅವನಿಗೆ ಆಗಲಿಲ್ಲ.

ಅವರಿಬ್ಬರೂ ಹೋದ ಮೇಲೆ ಭಾವ ನನ್ನ ಹತ್ತಿರ ಮಾತಾಡಿದರು. ಮಗಳಿಗೂ ಕೇಳಲಿ ಅಂತ ಗಟ್ಟಿಯಾಗಿಯೇ ಹೇಳಿದರೇನೋ.

"ಅಮ್ಮ ದಾವಣಗೆರೇಲಿ ಒಬ್ಬಳೇ ಇದ್ದಾಳೆ. 2012ರಲ್ಲಿ ಇವರು ನಿಯಮ ಬಿಗಿ ಮಾಡಿದ ಮೇಲೆ ವಯಸ್ಸಾದ ತಂದೆತಾಯಿನ ಇಲ್ಲಿ ಇಟ್ಕೊಳ್ಳೋದು ಹೆಚ್ಚುಕಡಿಮೆ ಆಗದ ಮಾತು. ದಿನದ ಕೆಲಸಕ್ಕೂ ಇನ್ನೊಬ್ಬರ ಕೈ ಬೇಕು, ಆ ನೆರವು ನಮ್ಮೂರಲ್ಲಿ ದುಡ್ಡು ಕೊಟ್ಟರೂ ಸಿಗಲ್ಲ ಅಂತ ಸಾಬೀತು ಮಾಡಬೇಕು. ಯುರೋಪಿನವನಿಗೆ ಆ ಕಷ್ಟ ಇಲ್ಲ. ನಾನು ಇಪ್ಪತ್ತು ವರ್ಷ ತೆರಿಗೆ ಕಟ್ಟಿದೀನಿ. ಅವರ ಬಾಗಿಲು ಮುಚ್ಚಿದರೆ ನಮ್ಮದು ಸ್ವಲ್ಪ ತೆರೆಯುತ್ತೆ ಅಂದುಕೊಂಡೆ. ತಪ್ಪಾ?"

ಇದು ಅವರೊಬ್ಬರ ಲೆಕ್ಕವಲ್ಲ. ಯುರೋಪಿನಿಂದ ಬರುವವರು ಕಡಿಮೆಯಾದರೆ ದಕ್ಷಿಣ ಏಷ್ಯಾದ ಅಡುಗೆಯವರಿಗೆ ವೀಸಾ ಸುಲಭವಾಗುತ್ತದೆ ಅಂತ ಪ್ರೀತಿ ಪಟೇಲ್ ಅವರಂಥ ಲೀವ್ ನಾಯಕರು 'ಕರಿ' ಅಂದರೆ ನಮ್ಮ ಕಡೆಯ ಅಡುಗೆಯ ರೆಸ್ಟೋರೆಂಟ್‌ಗಳ ಮಾಲೀಕರಿಗೆ ಪ್ರಚಾರದಲ್ಲಿ ಹೇಳಿದ್ದರು. ಅನೇಕ ಬಾಂಗ್ಲಾದೇಶಿ ಮಾಲೀಕರು ಅದನ್ನು ನಂಬಿದ್ದರು.

ಮಗಳು ಮೆಟ್ಟಿಲ ಮೇಲೆ ಕೂತು ಕೇಳಿಸಿಕೊಳ್ಳುತ್ತಿದ್ದಳು. ಅವಳಿಗೆ ನೆದರ್‌ಲ್ಯಾಂಡ್ಸ್‌ನಲ್ಲಿ ಓದುವ ಆಸೆ. ಒಕ್ಕೂಟದೊಳಗಿನವರಿಗೆ ಅಲ್ಲಿ ಶುಲ್ಕ ಕಡಿಮೆ. "ನಾನು ಇನ್ನು ಎಪ್ಪತ್ತು ವರ್ಷ ಇದರ ಜೊತೆ ಬದುಕಬೇಕು ಚಿಕ್ಕಮ್ಮಾ. ನನ್ನನ್ನ ಯಾರು ಕೇಳಿದರು?" ಅಂದಳು. ಅಪ್ಪನಿಗೆ ಹೇಳಬೇಕಾದ್ದನ್ನು ನನಗೆ ಹೇಳಿದಳು.

ನಾನು ಉತ್ತರದ ಕಡೆ ಹೋಗುವವಳಿದ್ದೆ. ಅವಳೂ ಬರುತ್ತೇನೆ ಅಂದಳು. "ಯಾರು ಹೀಗೆ ಮಾಡಿದ್ದು ಅಂತ ನೋಡಬೇಕು" ಅಂತ ಅವಳ ಮಾತು. ಅಕ್ಕ ಬೇಡ ಅನ್ನಲಿಲ್ಲ.

ಸೋಮವಾರ, ಥೇಮ್ಸ್ ದಂಡೆ

ಹೊರಡುವ ಮುಂಚೆ ಬಸವಣ್ಣನವರ ಮೂರ್ತಿ ನೋಡಬೇಕು ಅಂತ ನನ್ನ ಆಸೆ. ಲ್ಯಾಂಬೆತ್ ಸೇತುವೆಯ ಹತ್ತಿರ ನದಿಯ ದಂಡೆಯ ಉದ್ಯಾನದಲ್ಲಿ ಇದೆ. ಕಲಬುರಗಿ ಮೂಲದ ನೀರಜ್ ಪಾಟೀಲ್ ಲ್ಯಾಂಬೆತ್‌ನ ಮೇಯರ್ ಆಗಿದ್ದವರು. ಅವರ ಪ್ರಯತ್ನದಿಂದ ಸ್ಥಾಪನೆಯಾದ ಮೂರ್ತಿ ಇದು. 2015ರ ನವೆಂಬರ್ 14ರಂದು ಪ್ರಧಾನಿ ಮೋದಿ ಅನಾವರಣ ಮಾಡಿದರು. ಅಲ್ಲಿಂದ ಪಾರ್ಲಿಮೆಂಟ್ ಭವನ ಕಾಣುತ್ತದೆ. ನಡೆದುಕೊಂಡೇ ಹೋಗಬಹುದು.

ಬಿಸಿಲು ಜೋರಾಗಿತ್ತು. ಸೇತುವೆ ದಾಟುತ್ತಿದ್ದ ಕೆಲವರ ಅಂಗಿಯ ಮೇಲೆ ಬರೀ ಒಂದು ಪಿನ್ನು ಚುಚ್ಚಿತ್ತು. ನಾವು ಸೀರೆಗೆ ಹಾಕುವ ಪಿನ್ನೇ. "ನನ್ನ ಹತ್ತಿರ ನೀನು ಕ್ಷೇಮ" ಅಂತ ಹೊರಗಿನವರಿಗೆ ಹೇಳಲು ಮತದಾನದ ನಂತರ ಜನ ಹೀಗೆ ಹಾಕಿಕೊಳ್ಳಲು ಶುರುಮಾಡಿದ್ದರು. ಹುಡುಗಿಯ ಬ್ಯಾಗಿನ ಮೇಲೂ ಒಂದಿತ್ತು.

ಮಂಗಳವಾರ, ರೈಲು

ಜುಲೈ 19. ಇಂಗ್ಲೆಂಡಿನಲ್ಲಿ 33 ಡಿಗ್ರಿ ದಾಟಿದ ದಿನ. ನಮ್ಮ ರಾಯಚೂರಿನವರಿಗೆ ಇದೇನು ಅನಿಸಬಹುದು. ಆದರೆ ಇಲ್ಲಿಯ ಹೆಚ್ಚಿನ ಮನೆಗಳಲ್ಲಿ ಸೀಲಿಂಗ್ ಫ್ಯಾನೂ ಇರುವುದಿಲ್ಲ. ಸೆಕೆಗೆ ಹಳಿ ಬಾಗುತ್ತದೆ ಅಂತ ರೈಲಿನ ವೇಗ ಇಳಿಸುತ್ತಾರೆ. ಕಿಂಗ್ಸ್ ಕ್ರಾಸ್‌ನಿಂದ ಗ್ರಾಂಥಮ್‌ವರೆಗೆ ತೆವಳಿಕೊಂಡು ಬಂದೆವು. ಅಲ್ಲಿ ಬಾಸ್ಟನ್ ಕಡೆಯ ಸಣ್ಣ ರೈಲು ನಮ್ಮ ಕಣ್ಣೆದುರೇ ಹೊರಟುಹೋಯಿತು. ಬೇಸಿಗೆಯಲ್ಲಿ ಈ ದಾರಿ ಹಿಡಿಯುವವರು ನೀರು ಜಾಸ್ತಿ ಇಟ್ಟುಕೊಳ್ಳಿ, ರೈಲು ಬದಲಿಸಲು ಕಡಿಮೆ ಅಂದರೆ ಅರ್ಧ ಗಂಟೆಯಾದರೂ ಬಿಟ್ಟುಕೊಳ್ಳಿ.

ಪ್ಲಾಟ್‌ಫಾರ್ಮಿನ ನೆರಳಿನಲ್ಲಿ ಹತ್ತಾರು ಜನ ಕೂತಿದ್ದರು. ಇಬ್ಬರು ವಯಸ್ಸಾದ ಗಂಡಸರು ಪತ್ರಿಕೆ ಹಿಡಿದು ಮಾತಿಗೆ ಶುರುವಾದರು. ಲೀವ್ ಪ್ರಚಾರದ ಕೆಂಪು ಬಸ್ಸಿನ ಮೇಲೆ ಒಂದು ಲೆಕ್ಕ ಬರೆದಿತ್ತು. ವಾರಕ್ಕೆ 35 ಕೋಟಿ ಪೌಂಡು ಒಕ್ಕೂಟಕ್ಕೆ ಹೋಗುತ್ತಿದೆ, ಅದನ್ನು ನಮ್ಮ ಆರೋಗ್ಯ ಸೇವೆಗೆ ಹಾಕೋಣ ಅಂತ. ವಾಪಸ್ ಬರುವ ಹಣ ಕಳೆದರೆ ಅಷ್ಟು ಹೋಗುತ್ತಲೇ ಇರಲಿಲ್ಲ. "ಸುಳ್ಳು" ಅಂತ ಒಬ್ಬರು. "ಸೋತಿದ್ದೀರಿ, ಒಪ್ಪಿಕೊಳ್ಳಿ" ಅಂತ ಇನ್ನೊಬ್ಬರು. ಇಬ್ಬರ ಮುಖವೂ ಕೆಂಪಾಯಿತು. ಇಬ್ಬರಿಗೂ ಪರಿಚಯವಿತ್ತು, ಹೆಸರು ಹಿಡಿದೇ ಬೈದುಕೊಳ್ಳುತ್ತಿದ್ದರು. ಕಡೆಗೆ ಮಗು ಎತ್ತಿಕೊಂಡಿದ್ದ ಒಬ್ಬ ಹೆಂಗಸು "ಈ ಸೆಕೆಯಲ್ಲಿ ಬೇಡ, ದಯವಿಟ್ಟು" ಅಂದಳು. ಇಬ್ಬರೂ ಸುಮ್ಮನಾದರು. ರೈಲು ಬಂದಾಗ ಬೇರೆ ಬೇರೆ ಬೋಗಿ ಹತ್ತಿದರು.

ಬುಧವಾರ, ಬಾಸ್ಟನ್

ಅಮೆರಿಕದ ಬಾಸ್ಟನ್‌ಗೆ ಹೆಸರು ಕೊಟ್ಟ ಮೂಲ ಬಾಸ್ಟನ್ ಇದು. ಲಿಂಕನ್‌ಶೈರಿನ ಪೂರ್ವದಲ್ಲಿ, ಸಮುದ್ರಕ್ಕೆ ಹತ್ತಿರ. ದೇಶದಲ್ಲೇ ಲೀವ್‌ಗೆ ಅತಿ ಹೆಚ್ಚು ಪಾಲು ಮತ ಬಿದ್ದದ್ದು ಇಲ್ಲಿ, ಶೇ 75.6. ರೈಲು ಊರಿಗೆ ಹತ್ತಿರವಾಗುತ್ತಿದ್ದಂತೆ ನೆಲ ಚಪ್ಪಟೆ. ಬೆಟ್ಟವಿಲ್ಲ, ಗುಡ್ಡವಿಲ್ಲ. ಕೋಸು, ಹೂಕೋಸು, ಆಲೂಗಡ್ಡೆಯ ಹೊಲ ಕಣ್ಣು ಹೋದಷ್ಟು ದೂರ. ಅಷ್ಟು ದೂರದಿಂದಲೇ ಸೇಂಟ್ ಬಾಟಲ್ಫ್ ಚರ್ಚಿನ ಗೋಪುರ ಕಾಣುತ್ತದೆ. 80 ಮೀಟರಿಗೂ ಎತ್ತರ. ಊರವರು ಅದನ್ನು 'ಸ್ಟಂಪ್' ಅನ್ನುತ್ತಾರೆ.

ಈ ನೆಲ ಹಿಂದೆ ಜೌಗು. 17ನೇ ಶತಮಾನದಲ್ಲಿ ಇಂಗ್ಲೆಂಡಿನ ಈ ಭಾಗದ ಜೌಗುಗಳನ್ನು ಬಸಿಯಲು ಡಚ್ ಎಂಜಿನಿಯರುಗಳನ್ನು ಕರೆಸಿದರು. ಮೀನು, ಹಕ್ಕಿ, ಜೊಂಡು ನಂಬಿ ಬದುಕಿದ್ದ ಜನ ಆಗ ದಂಗೆ ಎದ್ದು ಕಾಲುವೆ ಒಡೆದಿದ್ದರು. ಬಂದವರ ಮೇಲೆ ಸಿಟ್ಟು ಈ ಕಡೆಗೆ ಹೊಸದಲ್ಲ.

ನಾವು ಉಳಿದುಕೊಂಡ ಮನೆಯ ಒಡತಿಗೆ ಅರವತ್ತರ ಹತ್ತಿರ. ಬೆಳಿಗ್ಗೆ ಟೋಸ್ಟು, ಬೇಯಿಸಿದ ಬೀನ್ಸು, ಟೊಮೆಟೊ, ಅಣಬೆ. ಮಾಂಸ ತಿನ್ನಲ್ಲ ಅಂದದ್ದಕ್ಕೆ ಅಣಬೆ ಎರಡರಷ್ಟು ಹಾಕಿದ್ದರು. ಹುಡುಗಿಯ ಬ್ಯಾಗಿನ ಪಿನ್ನು ನೋಡಿ, "ಜಿಪ್ ಹೋಗಿದೆಯಾ ಮಗಳೇ? ಕೊಡು, ಹೊಲಿದು ಕೊಡ್ತೀನಿ" ಅಂದರು. ಹುಡುಗಿ ಅದು ಯಾಕೆ ಅಂತ ಹೇಳಿದಳು. ಅವರು ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ ಕುರ್ಚಿ ಎಳೆದುಕೊಂಡು ಕೂತರು.

"ನಾನು ಲೀವ್‌ಗೆ ಹಾಕಿದೆ. ಕೇಳೋದಿದ್ದರೆ ಕೇಳು."

ಹುಡುಗಿ ಯಾಕೆ ಅಂತ ಕೇಳಿದಳು. ಅವರ ಮಗ ತರಕಾರಿ ಪ್ಯಾಕಿಂಗ್ ಶೆಡ್ಡಿನಲ್ಲಿ ರಾತ್ರಿ ಪಾಳಿ. ಹಿಂದೆ ಕಂಪನಿಯೇ ಕೆಲಸಕ್ಕೆ ಇಟ್ಟುಕೊಳ್ಳುತ್ತಿತ್ತು. ಈಗ ಎಲ್ಲ ಏಜೆನ್ಸಿ ಮೂಲಕ. ನಾಳೆ ಕೆಲಸ ಇದೆಯೋ ಇಲ್ಲವೋ ಅಂತ ಮೊಬೈಲಿಗೆ ಸಂದೇಶ ಬಂದರೇ ಗೊತ್ತು. ಒಂದು ಮನೆಯಲ್ಲಿ ಎಂಟು ಹತ್ತು ಜನ ತಲೆಗಿಷ್ಟು ಅಂತ ಬಾಡಿಗೆ ಕೊಡುವಾಗ, ಹೆಂಡತಿ ಮಗು ಕಟ್ಟಿಕೊಂಡವನಿಗೆ ಆ ಮನೆ ಸಿಗುವುದಿಲ್ಲ. ಡಾಕ್ಟರ ಹತ್ತಿರ ಸರದಿ ಸಿಗಲು ವಾರಗಟ್ಟಲೆ ಕಾಯಬೇಕು.

"ಹತ್ತು ವರ್ಷ ಹೇಳಿದ್ವಿ. ಹೇಳಿದಾಗೆಲ್ಲ ನಮ್ಮನ್ನ ಜನಾಂಗದ್ವೇಷಿಗಳು ಅಂದರು. ಮೊದಲ ಸಲ ನಮ್ಮ ಮಾತು ಲೆಕ್ಕಕ್ಕೆ ಬಂತು. ಮರುದಿನ ಟೀವಿಯಲ್ಲಿ ನಮ್ಮೂರು ತೋರಿಸಿ ದಡ್ಡರು ಅಂದರು."

ಅವರ ಮಾತಿನಲ್ಲಿ ಸತ್ಯವಿತ್ತು. 2004ರಲ್ಲಿ ಪೋಲೆಂಡ್, ಲಿಥುವೇನಿಯಾ, ಲಾಟ್ವಿಯಾ ಮೊದಲಾದ ದೇಶಗಳು ಒಕ್ಕೂಟ ಸೇರಿದಾಗ ಆ ಜನರಿಗೆ ಮೊದಲ ದಿನದಿಂದಲೇ ಕೆಲಸಕ್ಕೆ ಬಾಗಿಲು ತೆರೆದವು ಬ್ರಿಟನ್, ಐರ್ಲೆಂಡ್, ಸ್ವೀಡನ್ ಮೂರೇ. ಮಿಕ್ಕ ದೇಶಗಳು ಕೆಲವು ವರ್ಷ ತಡೆದವು. ಬಾಸ್ಟನ್‌ನ ಹೊಲಗಳಿಗೆ ಕೈ ಬೇಕಿತ್ತು, ಜನ ಬಂದರು. 2011ರ ಜನಗಣತಿಯಲ್ಲಿ ಸುಮಾರು 64 ಸಾವಿರ ಜನರ ಈ ಪ್ರದೇಶದಲ್ಲಿ ಹತ್ತರಲ್ಲಿ ಒಬ್ಬರು ಆ ಹೊಸ ದೇಶಗಳವರು. ಬಂದವರಿಂದ ತೆರಿಗೆ ಬಂತು, ಅಗ್ಗದ ತರಕಾರಿ ಇಡೀ ದೇಶಕ್ಕೆ ಹೋಯಿತು. ಆದರೆ ಊರಿಗೆ ಅದಕ್ಕೆ ತಕ್ಕಷ್ಟು ಮನೆ, ಶಾಲೆ, ಡಾಕ್ಟರು ಬರಲಿಲ್ಲ. ಇದನ್ನು ಸರಿಮಾಡಬೇಕಾದವರು ಸರ್ಕಾರದವರು. ಸಿಟ್ಟು ಮಾತ್ರ ಕೋಸು ಕೊಯ್ಯುವವರ ಮೇಲೆ ಬಿತ್ತು.

ಬುಧವಾರ ಸಂತೆಯ ದಿನ. ಶನಿವಾರವೂ ಇರುತ್ತದೆ. ಬಾಸ್ಟನ್‌ಗೆ ಹೋಗುವುದಾದರೆ ಈ ಎರಡು ದಿನಗಳಲ್ಲೇ ಹೋಗಿ. ಗೋಪುರದ ಕೆಳಗಿನ ಚೌಕದಲ್ಲಿ ಹಣ್ಣು, ಬಟ್ಟೆ, ಗಿಡ, ಮೀನು. ನಾವು ಸ್ಟ್ರಾಬೆರಿ ತಗೊಂಡು ತಿನ್ನುತ್ತಾ ವೆಸ್ಟ್ ಸ್ಟ್ರೀಟ್ ಕಡೆ ನಡೆದೆವು. ಅಲ್ಲಿ ಪೋಲಿಷ್, ಲಿಥುವೇನಿಯನ್ ಭಾಷೆಯ ಬೋರ್ಡುಗಳು ಸಾಲು ಸಾಲು. ಒಂದು ಪೋಲಿಷ್ ಅಂಗಡಿಯ ಒಳಗೆ ನಾಲ್ಕು ಮೇಜು ಹಾಕಿ ತಿಂಡಿ ಕೊಡುತ್ತಿದ್ದರು. ಪಿಯೆರೋಗಿ ತಗೊಂಡೆವು. ಆಲೂಗಡ್ಡೆ ಮತ್ತು ಚೀಸ್ ತುಂಬಿ ಬೇಯಿಸಿದ್ದು. ಆಕಾರ, ಅಂಚು ಒತ್ತಿದ ರೀತಿ ಎಲ್ಲ ನಮ್ಮ ಕಡುಬಿನ ಹಾಗೇ. ಮಾಂಸ ತುಂಬಿದ್ದೂ ಇರುತ್ತದೆ, ಕೇಳಿಯೇ ತಗೊಳ್ಳಬೇಕು.

ಅಂಗಡಿಯಾಕೆಗೆ ನಲವತ್ತರ ಆಸುಪಾಸು. ಮೊದಲು ಹೊಲದಲ್ಲಿ ಹೂಕೋಸು ಕೊಯ್ದವರು, ಆಮೇಲೆ ಶೆಡ್ಡು, ಆಮೇಲೆ ಈ ಅಂಗಡಿ. ಗಿರಾಕಿ ಇರಲಿಲ್ಲ. ನಮ್ಮ ಮೇಜಿನ ಹತ್ತಿರವೇ ನಿಂತು ಮಾತಾಡಿದರು.

"ಇಪ್ಪತ್ತನಾಲ್ಕನೇ ತಾರೀಕು ಬೆಳಿಗ್ಗೆ ಒಬ್ಬ ಹುಡುಗ ಬಾಗಿಲಿಂದ ಮುಖ ಹಾಕಿ 'ಇನ್ನೂ ಹೋಗಿಲ್ವಾ?' ಅಂದ. ನನಗೆ ಕೈ ನಡುಗಿತು. ಮಧ್ಯಾಹ್ನ ಒಬ್ಬ ಅಜ್ಜ ಬಂದರು. ದಿನಾ ಬ್ರೆಡ್ ತಗೊಳ್ಳೋರು. ತೋಟದ ಹೂವು ತಂದಿದ್ದರು. 'ನಾನು ಲೀವ್‌ಗೆ ಹಾಕಿದೆ, ಆದರೆ ನಿನ್ನ ವಿರುದ್ಧ ಅಲ್ಲ, ಬೇರೆಯವರ ವಿರುದ್ಧ' ಅಂದರು. ಎಲ್ಲರೂ ಹೀಗೇ ಹೇಳ್ತಾರೆ. ಪಕ್ಕದ ಅಂಗಡಿಯವಳಿಗೂ ಅವಳ ಗಿರಾಕಿಗಳು ಹೀಗೇ ಹೇಳಿದರಂತೆ. ಆ ಬೇರೆಯವರು ಎಲ್ಲಿದ್ದಾರೆ?"

ಮಗ ಶಾಲೆಯಲ್ಲಿ ಪೋಲಿಷ್ ಮಾತಾಡುವುದನ್ನು ಬಿಟ್ಟಿದ್ದಾನೆ, ಬಸ್ಸಿನಲ್ಲಿ ತಾಯಿ ಫೋನ್ ಮಾಡಿದರೆ ಎತ್ತುವುದಿಲ್ಲ ಅಂದರು. ಅವರ ಭಯ ಸುಮ್ಮನೆ ಹುಟ್ಟಿದ್ದಲ್ಲ. ಮತದಾನದ ಮೂರನೇ ದಿನವೇ ಲಂಡನ್‌ನ ಹ್ಯಾಮರ್‌ಸ್ಮಿತ್‌ನಲ್ಲಿ ಪೋಲಿಷ್ ಸಾಂಸ್ಕೃತಿಕ ಕೇಂದ್ರದ ಬಾಗಿಲ ಮೇಲೆ ಯಾರೋ ಹೊಲಸು ಬರಹ ಬರೆದಿದ್ದರು. ಊರಿಗೆ ವಾಪಸಾದ ಮೇಲೆ ಬ್ರಿಟನ್ನಿನ ಗೃಹ ಇಲಾಖೆಯ ಅಂಕಿಅಂಶ ಬಂತು. ನಾವು ತಿರುಗಾಡುತ್ತಿದ್ದ ಆ ಜುಲೈನಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಜನಾಂಗ, ಧರ್ಮದ ದ್ವೇಷದ ಅಪರಾಧಗಳು ಹಿಂದಿನ ವರ್ಷದ ಜುಲೈಗಿಂತ ಶೇ 41 ಜಾಸ್ತಿ.

ನಾವು ಏಳುವಾಗ ಮೂಲೆಯ ಟೀವಿಯಲ್ಲಿ ಪಾರ್ಲಿಮೆಂಟ್ ಶುರುವಾಗಿತ್ತು. ಹೊಸ ಪ್ರಧಾನಿ ಮೊದಲ ಸಲ ಪ್ರಶ್ನೋತ್ತರಕ್ಕೆ ನಿಂತಿದ್ದರು. ಇಲ್ಲಿರುವ ಯುರೋಪಿನವರು ಉಳಿಯಬಹುದು ಅಂತ ಅಷ್ಟು ದಿನದಲ್ಲಿ ಯಾರೂ ಖಚಿತವಾಗಿ ಹೇಳಿರಲಿಲ್ಲ. ಮಾತುಕತೆಯಲ್ಲಿ ಅವರನ್ನು ಪಣಕ್ಕೆ ಇಟ್ಟಂತೆ ಇತ್ತು. ಇದು ನನಗೆ ತುಂಬಾ ಕೆಟ್ಟದು ಅನಿಸಿತು, ಈಗಲೂ ಅನಿಸುತ್ತದೆ. ಒಂದೇ ಒಂದು ಸಾಲಿನ ಘೋಷಣೆ ಆ ಬೆಳಿಗ್ಗೆಯೇ ಬಂದಿದ್ದರೆ ಆ ಹುಡುಗನಿಗೆ ಬಾಗಿಲಿಂದ ಮುಖ ಹಾಕುವ ಧೈರ್ಯ ಬರುತ್ತಿರಲಿಲ್ಲವೇನೋ.

ಸಂಜೆ ಗಿಲ್ಡ್‌ಹಾಲ್ ಎಂಬ ಹಳೆಯ ಸಭಾಭವನದ ಮುಂದೆ ಹಾದುಬಂದೆವು. 1607ರಲ್ಲಿ ಧರ್ಮದ ಕಾರಣಕ್ಕೆ ಗುಟ್ಟಾಗಿ ಹಾಲೆಂಡಿಗೆ ಹಡಗು ಹತ್ತಲು ಹೋದ ಒಂದು ಗುಂಪನ್ನು ಹಡಗಿನ ಕಪ್ತಾನನೇ ಹಿಡಿದುಕೊಟ್ಟ. ಅವರನ್ನು ಕೂಡಿಹಾಕಿದ್ದರು ಅಂತ ಹೇಳುವ ಕೋಣೆಗಳು ಇಲ್ಲಿವೆ. ಅವರಲ್ಲಿ ಕೆಲವರೇ ಮುಂದೆ 1620ರಲ್ಲಿ ಅಮೆರಿಕಕ್ಕೆ ಹೋದವರು.

ನದಿ ದಂಡೆಯಲ್ಲಿ ಹುಡುಗಿ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದಳು: "ಚಿಕ್ಕಮ್ಮಾ, ಅಪ್ಪ ಅಜ್ಜಿನ ಕರೆಸಬೇಕು ಅಂತ ಹಾಕಿದ್ದು. ಆಂಟಿ ಯಾರೂ ಬರೋದೇ ಬೇಡ ಅಂತ ಹಾಕಿದ್ದು. ಇಬ್ಬರಿಗೂ ಅದೇ ಚೌಕ. ಇಬ್ಬರಿಗೂ ಬೇಕಾದ್ದು ಸಿಗಲ್ಲ ಅಲ್ವಾ?"

ನನಗೆ ಈ ಪ್ರವಾಸದಲ್ಲಿ ಕಂಡ ಮುಖ್ಯ ಸಂಗತಿ ಇದೇ. ಮತಪತ್ರದಲ್ಲಿ ಇದ್ದದ್ದು ಎರಡು ಚೌಕ. ಗುರುತು ಹಾಕಿದವರು ಮೂರೂವರೆ ಕೋಟಿಗೆ ಸಮೀಪ. ಎಣಿಸಿದ್ದು ಗುರುತನ್ನು. ಕಾರಣವನ್ನು ಯಾರೂ ಎಣಿಸಲಿಲ್ಲ. ಆಮೇಲೆ ಒಂದು ಕಡೆಯವರು ಇನ್ನೊಂದು ಕಡೆಯ 1 ಕೋಟಿ 74 ಲಕ್ಷ ಜನಕ್ಕೂ ತಾವೇ ಒಂದೇ ಕಾರಣ ಕೊಟ್ಟುಬಿಟ್ಟರು. ಆ ಕಡೆಯವರು ಇವರ 1 ಕೋಟಿ 61 ಲಕ್ಷ ಜನಕ್ಕೂ ಅದನ್ನೇ ಮಾಡಿದರು. ಗ್ರಾಂಥಮ್‌ನ ಆ ಇಬ್ಬರು ಮುದುಕರು ಒಬ್ಬರನ್ನೊಬ್ಬರು ಒಂದು ಸಲವೂ "ಯಾಕೆ" ಅಂತ ಕೇಳಿರಲಿಲ್ಲ.

ಗುರುವಾರ, ಬರ್ಸ್ಟಾಲ್ ಮತ್ತು ಬ್ಯಾಟ್ಲಿ

ಗ್ರಾಂಥಮ್‌ನಲ್ಲಿ ರೈಲು ಬದಲಿಸಿ ಲೀಡ್ಸ್. ಅಲ್ಲಿಂದ ಬಸ್ಸು. ಲೀಡ್ಸ್ ನಗರದಲ್ಲಿ ರಿಮೇನ್ ಗೆದ್ದದ್ದು ಶೇ 50.3ರಿಂದ. ಬಸ್ಸು ಸ್ವಲ್ಪ ದೂರ ಹೋಗಿ ಕರ್ಕ್ಲೀಸ್ ಎಂಬ ಪಕ್ಕದ ಆಡಳಿತ ಪ್ರದೇಶದ ಗಡಿ ದಾಟಿದರೆ ಲೀವ್ ಶೇ 54.7. ದಾರಿಯಲ್ಲಿ ಆ ಗಡಿ ಎಲ್ಲಿ ಬಂತು ಅಂತ ಗೊತ್ತೂ ಆಗಲಿಲ್ಲ. ಅವೇ ಕಪ್ಪು ಹಿಡಿದ ಕಲ್ಲಿನ ಮನೆ, ಅವೇ ಏರು ರಸ್ತೆ.

ಬರ್ಸ್ಟಾಲ್ ಸಣ್ಣ ಊರು. ಜೂನ್ 16ರಂದು, ಮತದಾನಕ್ಕೆ ಒಂದು ವಾರ ಮುಂಚೆ, ಇಲ್ಲಿನ ಗ್ರಂಥಾಲಯದ ಹೊರಗೆ ಸಂಸದೆ ಜೋ ಕಾಕ್ಸ್ ಅವರನ್ನು ಕೊಂದರು. ಕ್ಷೇತ್ರದ ಜನರ ಅಹವಾಲು ಕೇಳಲು ಬರುತ್ತಿದ್ದರು. 41 ವರ್ಷ, ಇಬ್ಬರು ಪುಟ್ಟ ಮಕ್ಕಳು. ಕೊಂದವನು "ಬ್ರಿಟನ್ ಮೊದಲು" ಅಂತ ಕೂಗಿದ್ದ. ತಡೆಯಲು ಹೋದ 77 ವರ್ಷದ ನಿವೃತ್ತ ಗಣಿ ಕಾರ್ಮಿಕರಿಗೂ ಚೂರಿ ಬಿತ್ತು. ಹಿಂದಿನ ವರ್ಷ ಜೂನ್ 3ರಂದು ಪಾರ್ಲಿಮೆಂಟಿನಲ್ಲಿ ಜೋ ಮೊದಲ ಭಾಷಣ ಮಾಡಿದ್ದರು. ತಮ್ಮ ಕ್ಷೇತ್ರದ ಐರಿಷ್ ಕ್ಯಾಥೊಲಿಕರನ್ನೂ ಗುಜರಾತ್, ಪಾಕಿಸ್ತಾನದಿಂದ ಬಂದ ಮುಸ್ಲಿಮರನ್ನೂ ಹೆಸರಿಸಿ, ನಮ್ಮನ್ನು ಬೇರೆ ಮಾಡುವುದಕ್ಕಿಂತ ನಮ್ಮಲ್ಲಿ ಸಮಾನವಾದದ್ದೇ ಜಾಸ್ತಿ ಅಂದಿದ್ದರು.

ಊರ ಚೌಕದಲ್ಲಿ ಜೋಸೆಫ್ ಪ್ರೀಸ್ಟ್ಲಿಯ ಪ್ರತಿಮೆ ಇದೆ. ಆಮ್ಲಜನಕ ಕಂಡುಹಿಡಿದವರಲ್ಲಿ ಒಬ್ಬರು ಅಂತ ನಾವು ಶಾಲೆಯಲ್ಲಿ ಓದಿದ ಅದೇ ಪ್ರೀಸ್ಟ್ಲಿ, ಹುಟ್ಟಿದ್ದು ಈ ಊರ ಹತ್ತಿರ. ಜೋ ಸತ್ತಾಗ ಜನ ಹೂವು ಇಟ್ಟದ್ದು ಈ ಪ್ರತಿಮೆಯ ಸುತ್ತ. ಪ್ರೀಸ್ಟ್ಲಿಯ ಕಥೆ ಹುಡುಗಿಗೆ ಗೊತ್ತಿರಲಿಲ್ಲ. ಅವರು ಫ್ರೆಂಚ್ ಕ್ರಾಂತಿಯ ಪರ ಮಾತಾಡಿದ್ದಕ್ಕೆ, ಧರ್ಮದಲ್ಲಿ ಬೇರೆ ದಾರಿ ಹಿಡಿದಿದ್ದಕ್ಕೆ 1791ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಜನ ಅವರ ಮನೆ, ಪ್ರಯೋಗಶಾಲೆ ಸುಟ್ಟರು. 1794ರಲ್ಲಿ ಅವರು ಅಮೆರಿಕಕ್ಕೆ ಹೋದರು. ನಾನು ಹೇಳಿ ಮುಗಿಸಿದಾಗ ಅವಳು ಪಿನ್ನನ್ನು ತೆಗೆದು ಮತ್ತೆ ಸರಿಯಾಗಿ ಚುಚ್ಚಿಕೊಂಡಳು.

ಬ್ಯಾಟ್ಲಿಗೆ ಬಸ್ಸು ತಪ್ಪಿತು. ನಡೆದೆವು. ಮಧ್ಯದಲ್ಲಿ ಮಳೆ ಹಿಡಿಯಿತು. ಒಂದು ದಿನಸಿ ಅಂಗಡಿಯ ಸೂರಿನ ಕೆಳಗೆ ನಿಂತಾಗ ಒಳಗಿದ್ದ ಬಿಳಿ ಗಡ್ಡದ ಹಿರಿಯರು ಹಿಂದಿಯಲ್ಲಿ "ಬನ್ನಿ ಬೇಟಿ, ನೆನೀಬೇಡಿ" ಅಂತ ಕರೆದರು. ಗುಜರಾತಿನ ಭರೂಚ್ ಕಡೆಯವರು. ಅರವತ್ತರ ದಶಕದಲ್ಲಿ ಉಣ್ಣೆ ಗಿರಣಿಗೆ ಬಂದವರು. ಬ್ಯಾಟ್ಲಿಯ ಗಿರಣಿಗಳು ಹಳೆಯ ಉಣ್ಣೆ ಬಟ್ಟೆ ಚಿಂದಿ ಮಾಡಿ, ನೂಲು ತೆಗೆದು, ಹೊಸ ಬಟ್ಟೆ ನೇಯುತ್ತಿದ್ದವು. ಆ ಉದ್ಯಮ ಹುಟ್ಟಿದ್ದೇ ಇಲ್ಲಿ, 1813ರಲ್ಲಿ. ಈಗ ಬಹಳಷ್ಟು ಮುಚ್ಚಿವೆ.

ಅವರು ಏಲಕ್ಕಿ ಹಾಕಿದ ಚಹಾ ಕೊಟ್ಟರು. "ನಾವು ಬಂದಾಗ ಗಿರಣಿಯವರೂ ಇದೇ ಅಂದರು. ಕಡಿಮೆ ಕೂಲಿಗೆ ಬಂದ್ರಿ, ನಮ್ಮ ಮನೆ ತಗೊಂಡ್ರಿ. ಈಗ ನಮ್ಮ ಮಕ್ಕಳೇ ಪೋಲಿಷರಿಗೆ ಅದನ್ನ ಅಂತಾರೆ. ನಮ್ಮ ಮನೇಲೇ ಇಬ್ಬರು ಮಕ್ಕಳು ಆ ಕಡೆ, ಒಬ್ಬಳು ಈ ಕಡೆ." ಜೋ ಅವರ ಬಗ್ಗೆ ಕೇಳಿದೆ. ಅಂಗಡಿಗೆ ಬಂದಿದ್ದರು, ಸಮೋಸ ತಿಂದಿದ್ದರು ಅಂದರು. ಮತ್ತೇನೂ ಹೇಳಲು ಅವರಿಂದ ಆಗಲಿಲ್ಲ. ಚಹಾದ ದುಡ್ಡು ತಗೊಳ್ಳಲಿಲ್ಲ.

ಸಂಜೆ ಹುಡುಗಿಯನ್ನು ಲೀಡ್ಸ್‌ನಲ್ಲಿ ಲಂಡನ್ ರೈಲಿಗೆ ಹತ್ತಿಸಿದೆ. ಕರೆದುಕೊಂಡು ಹೋಗಲು ಕಿಂಗ್ಸ್ ಕ್ರಾಸ್‌ಗೆ ಅಪ್ಪ ಬರುತ್ತಾರಂತೆ. "ಅಜ್ಜಿ ವೀಸಾದ ಫೈಲು ತೋರಿಸು ಅಂತ ಕೇಳ್ತೀನಿ" ಅಂದಳು. "ನಾನು ಅದನ್ನ ಓದೇ ಇಲ್ಲ."

ಶುಕ್ರವಾರ, ಶನಿವಾರ: ಎಡಿನ್‌ಬರಾ

ಬೆರಿಕ್ ಹತ್ತಿರ ರೈಲು ಸಮುದ್ರಕ್ಕೆ ಅಂಟಿಕೊಂಡು ಹೋಗುತ್ತದೆ. ಹೋಗುವಾಗ ಬಲಗಡೆಯ ಕಿಟಕಿ ಹಿಡಿಯಿರಿ. ಸ್ಕಾಟ್ಲೆಂಡಿನ 32 ಪ್ರದೇಶಗಳಲ್ಲೂ ರಿಮೇನ್‌ಗೇ ಬಹುಮತ. ಎಡಿನ್‌ಬರಾದಲ್ಲಿ ಶೇ 74.4. ಇಲ್ಲಿ ಬೀದಿಯಲ್ಲಿ ಸಿಟ್ಟಿಗಿಂತ ಜಾಸ್ತಿ ಮೋಸ ಹೋದ ಭಾವನೆ ಕಂಡಿತು.

ಎಡಿನ್‌ಬರಾದ ಬಂದರು ಪ್ರದೇಶವಾದ ಲೀತ್‌ನಲ್ಲಿ ಮೂರನೇ ಮಹಡಿಯ ಒಂದು ಕೋಣೆ. ಮನೆಯೊಡತಿ ನಿವೃತ್ತ ನರ್ಸ್. ಶನಿವಾರ ಅವರ ಅಣ್ಣ ಊಟಕ್ಕೆ ಬರುವವರಿದ್ದರು, ನೀವೂ ಕೂತುಕೊಳ್ಳಿ ಅಂದರು. ಬೇಳೆಯ ಸೂಪು, ಓಟ್ಸಿನ ಬಿಸ್ಕತ್ತು. ಈ ಸೂಪಿಗೆ ಸಾಮಾನ್ಯವಾಗಿ ಹಂದಿ ಮೂಳೆ ಹಾಕಿ ಕುದಿಸುತ್ತಾರೆ. ಹೋಟೆಲಿನಲ್ಲಿ ಕೇಳಿ ತಗೊಳ್ಳಬೇಕು. ನನಗೆ ಅಂತ ಅವರು ಬೇರೆ ಪಾತ್ರೆಯಲ್ಲಿ ಮಾಡಿದ್ದರು.

ಅಣ್ಣ ತಂಗಿ ಒಂದು ವರ್ಷಕ್ಕೂ ಮೇಲೆ ಮಾತಾಡಿರಲಿಲ್ಲವಂತೆ. ಕಾರಣ 2014ರ ಸೆಪ್ಟೆಂಬರ್ ಮತದಾನ. ಸ್ಕಾಟ್ಲೆಂಡ್ ಸ್ವತಂತ್ರ ದೇಶ ಆಗಬೇಕೋ ಬೇಡವೋ ಅಂತ. ಬೇಡ ಅಂದವರು ಶೇ 55.3. ಆ ಸಲ ಇಲ್ಲಿ 16 ವರ್ಷದವರಿಗೂ ವೋಟಿತ್ತು. ಅಣ್ಣ ಬೇಕು ಅಂದವರು, ತಂಗಿ ಬೇಡ ಅಂದವರು. ಬ್ರಿಟನ್ನಿನಲ್ಲಿ ಉಳಿದರೆ ಮಾತ್ರ ಯುರೋಪಿನಲ್ಲಿ ಉಳಿಯುತ್ತೀರಿ ಅಂತ ಆಗ ಬೇಡ ಪಕ್ಷದವರು ಹೇಳಿದ್ದರು. ಅದನ್ನು ನಂಬಿ ಹಾಕಿದ್ದೆ ಅಂದರು ತಂಗಿ. ಈಗ ನೋಡಿದರೆ ಯುರೋಪೂ ಇಲ್ಲ.

"ಆಗ ನೀವು ಇವರನ್ನ ಏನಂದಿರಿ?" ಅಂತ ಅಣ್ಣನನ್ನು ಕೇಳಿದೆ.

"ದೇಶದ್ರೋಹಿ ಅಂದೆ. ನಮ್ಮಮ್ಮನ ಅಡುಗೆಮನೆಯಲ್ಲಿ ನಿಂತು." ಅವರು ತಂಗಿಯ ಕಡೆ ನೋಡಿಯೇ ಹೇಳಿದರು. ಜೂನ್ 24ರ ಬೆಳಿಗ್ಗೆ ಮೊದಲು ಫೋನ್ ಮಾಡಿದ್ದು ಅವರೇ. ಈ ಸಲ ಇಬ್ಬರೂ ಒಂದೇ ಕಡೆ ಹಾಕಿ ಸೋತಿದ್ದರು. ಇಬ್ಬರೂ ಫೋನಿನಲ್ಲಿ ಅತ್ತರಂತೆ.

ಎಲ್ಲ ಸರಿಹೋಯಿತು ಅಂತಲ್ಲ. ಸ್ಕಾಟ್ಲೆಂಡಿಗೆ ಮತ್ತೊಂದು ಮತದಾನ ಬೇಕು ಅಂತ ಅಲ್ಲಿನ ಸರ್ಕಾರದ ಮುಖ್ಯಸ್ಥೆ ನಿಕೋಲಾ ಸ್ಟರ್ಜನ್ ಆಗಲೇ ಸೂಚನೆ ಕೊಟ್ಟಿದ್ದರು. ಸೂಪು ಮುಗಿಯುವ ಮುಂಚೆಯೇ ಅಣ್ಣ ಅದಕ್ಕೆ ಬಂದರು. "ಈಗಾದರೂ ನಮ್ಮ ಕಡೆ ಹಾಕ್ತೀಯಾ?"

ತಂಗಿ ಚಮಚ ಕೆಳಗಿಟ್ಟರು. "ಹೋದ ಸಲ ನಾನು ಯಾಕೆ ಬೇಡ ಅಂದೆ ಅಂತ ನಿನಗೆ ಗೊತ್ತಾ?"

"ಯುರೋಪು."

"ಅದು ಒಂದು. ಇನ್ನೊಂದು ನನ್ನ ಪಿಂಚಣಿ. ಅದನ್ನ ಯಾವ ಹಣದಲ್ಲಿ ಕೊಡ್ತೀರಿ? ಪೌಂಡಾ, ಯೂರೋನಾ, ಹೊಸದಾ? ಆಗ ನೀನು ಉತ್ತರ ಹೇಳಲಿಲ್ಲ. ಬೈದೆ."

ಅಣ್ಣ ಬೈಯಲಿಲ್ಲ. ಪೆನ್ನು ಕೇಳಿದರು. ಹಳೆಯ ಲಕೋಟೆಯ ಹಿಂದೆ ಏನೋ ಬರೆಯಲು ಶುರುಮಾಡಿದರು. ತಂಗಿ ಒಪ್ಪಲಿಲ್ಲ, ಸಾಲು ಸಾಲಿಗೂ ತಡೆದು ಕೇಳಿದರು. ಧ್ವನಿ ಏರಿತು, ಇಳಿಯಿತು, ಮತ್ತೆ ಏರಿತು. ನನಗೆ ವಿಮಾನದ ಹೊತ್ತಾಗಿತ್ತು. ನನ್ನ ಸೂಟ್‌ಕೇಸ್ ಭಾರ ಅಂತ ಅಣ್ಣನೇ ಹೊತ್ತುಕೊಂಡರು. ತಂಗಿ ಮೇಲೆ ಬಾಗಿಲಲ್ಲಿ ನಿಂತು ಇನ್ನೂ ಕೇಳುತ್ತಲೇ ಇದ್ದರು. ಅವರು ಒಂದೊಂದು ತಿರುವಿನಲ್ಲೂ ನಿಂತು, ಮೇಲೆ ನೋಡಿ, ಪೌಂಡಿನ ವಿಷಯಕ್ಕೆ ಉತ್ತರ ಕೊಡುತ್ತಾ ಮೂರು ಮಹಡಿ ಇಳಿದರು.